ಮಗುವಿನ ವಕಾಲತ್ತು: ಕಕ್ಷಿದಾರ ಯಾರು?

ಮಾನ್ಯ ಸಂಪಾದಕರೇ,

ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣವೋ, ಅಪರಾಧದ ಆರೋಪ ಹೊತ್ತ ಮಕ್ಕಳನ್ನು ವಿಚಾರಿಸುವ ಬಾಲನ್ಯಾಯ ಮಂಡಳಿಯ ಪ್ರಕರಣವೋ ಸುದ್ದಿಯಾದಾಗ ಪೊಲೀಸರು ತಡ ಮಾಡಿದರೇ, ಆಸ್ಪತ್ರೆಯವರು ಅಲೆದಾಡಿಸಿದರೇ, ತೀರ್ಪು ಎಷ್ಟು ವರ್ಷಕ್ಕೆ ಬಂತು ಎಂಬುದೆಲ್ಲ ಓದುಗರ ಪತ್ರಗಳಲ್ಲಿ ಚರ್ಚೆಯಾಗುತ್ತದೆ. ಮಗುವಿನ ಪರ ನಿಂತ ವಕೀಲರು ಏನು ಮಾಡಿದರು, ಎದುರು ಪಕ್ಷದ ವಕೀಲರು ಮಗುವನ್ನು ಏನು ಕೇಳಿದರು ಎಂಬುದು ಮಾತ್ರ ಕೋರ್ಟ್ ಹಾಲಿನೊಳಗೇ ಉಳಿದುಬಿಡುತ್ತದೆ. ಪೋಕ್ಸೊ ವಿಚಾರಣೆ ಗೋಪ್ಯವಾಗಿಯೇ ನಡೆಯಬೇಕು, ಮಗುವಿನ ಹಿತಕ್ಕೆ ಅದು ಬೇಕೇ ಬೇಕು. ಆದರೆ ಮುಚ್ಚಿದ ಬಾಗಿಲಿನ ಹಿಂದೆ ವಕೀಲರ ನಡವಳಿಕೆಯನ್ನು ನೋಡುವ ಹೊರಗಿನ ಕಣ್ಣು ಇರುವುದಿಲ್ಲ. ಹಾಗಾಗಿ ಈ ಪ್ರಕರಣಗಳಲ್ಲಿ ನಮ್ಮ ವೃತ್ತಿಧರ್ಮದ ಮೇಲೆ ಬೀಳುವ ಭಾರ ಬೇರೆ ಪ್ರಕರಣಗಳಿಗಿಂತ ಹೆಚ್ಚು. ಅದು ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ವಕೀಲರಾಗಿ ನಾವೇ ಬಿಡಿಸಿ ಹೇಳಬೇಕೆನಿಸಿ ಈ ಪತ್ರ.

ಮೊದಲ ತಪ್ಪು ವಕೀಲರ ಕಚೇರಿಯಲ್ಲೇ ಆಗುತ್ತದೆ. ಮಗು ತಾನಾಗಿ ವಕೀಲರ ಬಳಿ ಬರುವುದಿಲ್ಲ. ಅಪ್ಪ, ಅಮ್ಮ, ಸೋದರಮಾವ, ಇಲ್ಲವೇ ಊರಿನ ಹಿರಿಯರೊಬ್ಬರು ಕರೆತರುತ್ತಾರೆ. ಮಾತಾಡುವವರು ಅವರು, ಫೀಸು ಕೊಡುವವರು ಅವರು, ಮಗುವಿನ ಪರವಾಗಿ ವಕಾಲತ್ತಿಗೆ ಸಹಿ ಹಾಕುವವರೂ ಅವರೇ. ಮಗು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳ ಪ್ರಕಾರ ವಕೀಲರು ಕಕ್ಷಿದಾರ ಅಥವಾ ಆತನ ಅಧಿಕೃತ ಪ್ರತಿನಿಧಿಯ ಸೂಚನೆಯಂತೆ ಮಾತ್ರ ನಡೆಯಬೇಕು. ಈ ನಿಯಮವನ್ನು ಮೇಲುಮೇಲಕ್ಕೆ ಓದಿ, ಸಹಿ ಹಾಕಿದವರೇ ಕಕ್ಷಿದಾರರು ಎಂದುಕೊಳ್ಳುವ ರೂಢಿ ಬಂದುಬಿಟ್ಟಿದೆ. ಪಾಲಕರು ಪ್ರತಿನಿಧಿ ಅಷ್ಟೇ, ಪ್ರಕರಣ ಮಗುವಿನದು. ಪಾಲಕರ ಹಿತ ಮತ್ತು ಮಗುವಿನ ಹಿತ ಒಂದೇ ದಿಕ್ಕಿನಲ್ಲಿರುವ ತನಕ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಅವು ಬೇರೆಯಾದ ದಿನ ವಕೀಲರು ಯಾರ ಕಡೆ ನಿಲ್ಲುತ್ತಾರೆ ಎಂಬುದೇ ಪರೀಕ್ಷೆ.

ಬಾಲನ್ಯಾಯ ಮಂಡಳಿಯಲ್ಲಿ ಈ ಪರೀಕ್ಷೆ ಬೇಗ ಎದುರಾಗುತ್ತದೆ. ಹದಿನಾರು ವರ್ಷದ ಹುಡುಗನೊಬ್ಬ ಬೈಕ್ ಕಳ್ಳತನದ ಆರೋಪದಲ್ಲಿ ಮಂಡಳಿಯ ಮುಂದೆ ಬಂದಿದ್ದಾನೆ ಎನ್ನಿ. ತಂದೆ ವಕೀಲರ ಕಿವಿಯಲ್ಲಿ ಹೇಳುತ್ತಾರೆ: ‘ಈಗಲೇ ಜಾಮೀನು ಬೇಡ ಸರ್, ಒಂದು ತಿಂಗಳು ಅಲ್ಲೇ ಇರಲಿ, ಬುದ್ಧಿ ಬರ್ತದೆ.’ ತಂದೆಯ ಸಂಕಟ ಅರ್ಥವಾಗುವಂಥದ್ದೇ. ಆದರೆ ಬಾಲನ್ಯಾಯ ಕಾಯ್ದೆ 2015ರ 12ನೇ ಕಲಂ ಪ್ರಕಾರ, ಅಪರಾಧ ಜಾಮೀನು ಸಿಗುವಂಥದ್ದಾಗಲಿ ಸಿಗದಂಥದ್ದಾಗಲಿ ಮಗುವಿಗೆ ಬಿಡುಗಡೆಯೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯವಿದೆ, ಇಲ್ಲವೇ ನ್ಯಾಯದ ಉದ್ದೇಶವೇ ಸೋಲುತ್ತದೆ ಎಂದು ಕಂಡಾಗ ಮಾತ್ರ ನಿರಾಕರಿಸಬಹುದು. ಬುದ್ಧಿ ಕಲಿಸುವುದು ಆ ಪಟ್ಟಿಯಲ್ಲಿಲ್ಲ. ತಂದೆ ಕರೆದೊಯ್ಯಲು ಒಪ್ಪದಿದ್ದರೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಅಥವಾ ಯೋಗ್ಯ ವ್ಯಕ್ತಿಯೊಬ್ಬರ ಆರೈಕೆಯಲ್ಲಿ ಬಿಡುವ ದಾರಿಯೂ ಅದೇ ಕಲಂನಲ್ಲಿದೆ. ಜಾಮೀನು ಸಿಕ್ಕಿಯೂ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಭದ್ರತೆ ಕೊಡುವವರಿಲ್ಲದೆ ವೀಕ್ಷಣಾಲಯದಲ್ಲೇ (ವಿಚಾರಣೆಯ ಕಾಲದಲ್ಲಿ ಇಂಥ ಮಕ್ಕಳನ್ನು ಇರಿಸುವ ಕೇಂದ್ರ) ಉಳಿದ ಹುಡುಗನ ಕಡತದಲ್ಲಿ ಷರತ್ತು ಸಡಿಲಿಸಲು ಕೋರಿದ ಅರ್ಜಿ ಇದೆಯೇ ಎಂದು ಹುಡುಕಿದರೆ, ಆತನಿಗೆ ನಿಜವಾಗಿ ವಕೀಲರಿದ್ದರೋ ಇಲ್ಲವೋ ಗೊತ್ತಾಗುತ್ತದೆ.

‘ಒಪ್ಪಿಕೊಂಡುಬಿಡು, ಇವತ್ತೇ ಮುಗಿಯುತ್ತೆ’ ಎನ್ನುವ ಸಲಹೆ ಇನ್ನೊಂದು. ಶಿಕ್ಷೆ ಹಗುರ, ದಾಖಲೆ ಮುಂದೆ ನಾಶವಾಗುತ್ತದೆ ಎಂಬ ಸಮಜಾಯಿಷಿ ಅದರ ಜೊತೆಗೇ ಬರುತ್ತದೆ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಮನೆಗೆ ಹೋಗಬಹುದು ಎಂದು ಹುಡುಗನಿಗೆ ಕಲಿಸಿದಂತಾಯಿತು, ಅದೂ ಕಾನೂನು ಓದಿದವರಿಂದ. ಘೋರ ಅಪರಾಧದ ಆರೋಪವಿದ್ದು ವಯಸ್ಸು 16 ದಾಟಿದ್ದರೆ ಹುಡುಗನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ನೋಡುವ 15ನೇ ಕಲಂನ ಪ್ರಾಥಮಿಕ ಮೌಲ್ಯಮಾಪನ ಮೂರು ತಿಂಗಳೊಳಗೆ ಮುಗಿಯಬೇಕು. ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಹುಡುಗನನ್ನು ಮಾತಾಡಿಸುತ್ತಾರೆ. ಆ ಮಾತುಕತೆ ಯಾತಕ್ಕೆ, ಅದನ್ನು ಯಾರು ಓದುತ್ತಾರೆ, ಅದರ ಮೇಲೆ ಏನು ತೀರ್ಮಾನವಾಗುತ್ತದೆ ಎಂಬುದನ್ನು ವಕೀಲರು ಹಿಂದಿನ ದಿನವೇ ಹುಡುಗನಿಗೆ ತಿಳಿಸಿರಬೇಕು. ಅದು ವಿಚಾರಣೆಯಲ್ಲ ಎಂದು ಕಲಂನ ವಿವರಣೆಯೇ ಸ್ಪಷ್ಟವಾಗಿ ಹೇಳುತ್ತದೆ. ಆದರೂ ವರದಿಯಲ್ಲಿ ‘ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲು ನುಸುಳಿದ್ದರೆ ಆಕ್ಷೇಪಿಸದೆ ಬಿಡುವುದು ಕರ್ತವ್ಯಲೋಪ.

ವಯಸ್ಸಿನ ದಾಖಲೆಯಲ್ಲೂ ಎಚ್ಚರ ಬೇಕು. ಹಳ್ಳಿಯ ಶಾಲಾ ದಾಖಲಾತಿಗಳಲ್ಲಿ ಜೂನ್ 1 ಎಂಬ ಜನ್ಮದಿನ ಎಷ್ಟು ಮಕ್ಕಳಿಗಿದೆ ಎಂಬುದು ನಿಮ್ಮ ಓದುಗರಿಗೆ ಗೊತ್ತೇ ಇದೆ. ಕಾಯ್ದೆಯ 94ನೇ ಕಲಂ ಶಾಲಾ ದಾಖಲೆಗೂ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರಕ್ಕೂ ಮೊದಲ ಸ್ಥಾನ ಕೊಡುತ್ತದೆ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಈಚೆಗೆ ತಿದ್ದಿಸಿದ ದಾಖಲೆಯೆಂದು ಮೇಲ್ನೋಟಕ್ಕೇ ತಿಳಿಯುವಂಥದ್ದನ್ನು ‘ಕಕ್ಷಿದಾರರು ಕೊಟ್ಟರು, ನಾವು ಹಾಜರುಪಡಿಸಿದೆವು’ ಎಂದು ಕೈತೊಳೆದುಕೊಳ್ಳಲಾಗದು. ವಕೀಲರು ಕಕ್ಷಿದಾರನ ಬರೀ ಬಾಯಿಯಲ್ಲ ಎಂದು ಪರಿಷತ್ತಿನ ನಿಯಮವೇ ಹೇಳಿದೆ.

ಪೋಕ್ಸೊ ಪ್ರಕರಣದಲ್ಲಿ ಆರೋಪಿ ಮನೆಯವನೇ ಆಗಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಚಿಕ್ಕಪ್ಪನ ಮೇಲೆ ದೂರು ಕೊಟ್ಟ ಮಗುವಿನ ತಾಯಿ ಆರು ತಿಂಗಳಲ್ಲಿ ಅತ್ತೆ ಮನೆಯ ಒತ್ತಡಕ್ಕೆ ಮಣಿಯುತ್ತಾಳೆ. ಆಗ ‘ಹುಡುಗಿಯ ಕಡೆಯ ವಕೀಲರು’ ಎಂದು ಹೊಸಬರೊಬ್ಬರು ಬರುತ್ತಾರೆ, ಅವರ ಫೀಸು ಆರೋಪಿಯ ಕಡೆಯಿಂದ ಹೋಗಿರುತ್ತದೆ. ಸಾಕ್ಷ್ಯದ ದಿನ ಮಗು ‘ನೆನಪಿಲ್ಲ’ ಎಂದಷ್ಟೇ ಹೇಳಿ ಇಳಿಯುತ್ತದೆ, ಅಭಿಯೋಜಕರು ಅದನ್ನು ಪ್ರತಿಕೂಲ ಸಾಕ್ಷಿ (ಕರೆಸಿದವರ ವಿರುದ್ಧವೇ ತಿರುಗಿದ ಸಾಕ್ಷಿ) ಎಂದು ಘೋಷಿಸುತ್ತಾರೆ. ಇದಕ್ಕೆ ರಾಜಿ ಎಂದು ಹೆಸರು. ಪೋಕ್ಸೊ ಕಾಯ್ದೆಯ 40ನೇ ಕಲಂ ಮಗುವಿನ ಕುಟುಂಬಕ್ಕೆ ತಮ್ಮ ಆಯ್ಕೆಯ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಕೊಟ್ಟಿದ್ದು ಇದಕ್ಕಲ್ಲ. ಶಿಕ್ಷಕನೊಬ್ಬನ ಮೇಲಿನ ಇಂಥ ಪ್ರಕರಣವನ್ನು ರಾಜಿಯ ಆಧಾರದಲ್ಲಿ ರದ್ದುಗೊಳಿಸಿದ್ದ ರಾಜಸ್ಥಾನ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಮಗುವಿನ ವಕೀಲರು ಮಾಡಬೇಕಾದ್ದು ಸರಳ: ಫೀಸು ಯಾರಿಂದ ಬರುತ್ತಿದೆ ಎಂದು ಮೊದಲೇ ಕೇಳಬೇಕು. ಎದುರು ಪಕ್ಷದ ದುಡ್ಡೆಂದು ತಿಳಿದರೆ ವಕಾಲತ್ತು ಹಿಂದಿರುಗಿಸಿ, ಮಗುವಿಗೆ ಬೇರೆ ವಕೀಲರು ಬೇಕೆಂದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಡಿ ಮಗುವಿಗೆ ಉಚಿತ ವಕೀಲರು ಸಿಗಲು ಮನೆಯ ಆದಾಯ ಎಷ್ಟೆಂದು ನೋಡುವಂತಿಲ್ಲ. ದೂರವಾಣಿ 15100.

ಹಣದ ವಿಷಯಕ್ಕೆ ಬಂದರೆ, ಅಪ್ರಾಪ್ತರ ಸಿವಿಲ್ ದಾವೆಯಲ್ಲಿ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮದಂತೆ, ಈ ರಾಜಿ ಅಪ್ರಾಪ್ತರ ಹಿತದಲ್ಲಿದೆ ಎಂದು ವಕೀಲರೇ ಪ್ರಮಾಣಪತ್ರ ಕೊಡಬೇಕು. ಅದನ್ನು ಅಚ್ಚು ಹಾಕಿಸಿಟ್ಟ ನಮೂನೆಯಂತೆ ತುಂಬಿ ಸಹಿ ಹಾಕುವವರಿದ್ದಾರೆ. ಆ ಸಹಿ ವಕೀಲರ ಸ್ವಂತ ಅಭಿಪ್ರಾಯ, ಪಾಲಕರದಲ್ಲ. ಅಪಘಾತ ಪರಿಹಾರದಲ್ಲಿ ಮಗುವಿನ ಪಾಲು 18 ತುಂಬುವವರೆಗೆ ಬ್ಯಾಂಕ್ ಠೇವಣಿಯಲ್ಲಿರುತ್ತದೆ. ‘ಶಿಕ್ಷಣಕ್ಕಾಗಿ’ ಎಂದು ಬಿಡಿಸಿಕೊಂಡ ಹಣ ಮನೆಯ ಸಾಲಕ್ಕೆ ಹೋಗುವುದು ಗೊತ್ತಿದ್ದೂ ಅರ್ಜಿ ಬರೆಯುವುದು ತಪ್ಪು. ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಫೀಸು ಮಾತಾಡುವುದಂತೂ ಯಾರ ಪ್ರಕರಣದಲ್ಲೂ ನಿಷಿದ್ಧ.

ಇನ್ನು ಪಾಟೀ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು. ಪೋಕ್ಸೊ ಕಾಯ್ದೆಯ 33ನೇ ಕಲಂ ಪ್ರಕಾರ ಸರ್ಕಾರಿ ಅಭಿಯೋಜಕರಾಗಲಿ ಆರೋಪಿಯ ವಕೀಲರಾಗಲಿ ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು. ಆಕ್ರಮಣಕಾರಿ ಪ್ರಶ್ನೆ, ಚಾರಿತ್ರ್ಯಹನನ ಕೂಡದು. ಮಧ್ಯೆ ಮಧ್ಯೆ ವಿರಾಮ ಬೇಕು, ಮತ್ತೆ ಮತ್ತೆ ಕರೆಸಬಾರದು. ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇಷ್ಟು ವರ್ಷಗಳಾದರೂ ವಕೀಲರು ಎದ್ದು ನಿಂತು, ಏರುದನಿಯಲ್ಲಿ, ಮಗುವಿನ ಮುಖ ನೋಡಿ ಕೇಳುವ ಅಭ್ಯಾಸ ಪೂರ್ತಿ ಹೋಗಿಲ್ಲ.

ದನಿ ತಗ್ಗಿಸಿದರೂ ಪ್ರಶ್ನೆಯ ವಾಕ್ಯವೇ ಮಗುವಿನ ವಿರುದ್ಧ ಕೆಲಸ ಮಾಡುತ್ತದೆ. ನಮ್ಮ ಕೋರ್ಟುಗಳಲ್ಲಿ ಸಲಹಾ ಪ್ರಶ್ನೆಗಳು (ತಮ್ಮ ವಾದವನ್ನೇ ಸಾಕ್ಷಿಯ ಮುಂದಿಟ್ಟು ಕೇಳುವ ಪ್ರಶ್ನೆಗಳು) ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂದು ಮುಗಿಯುತ್ತವೆ. ‘ಆ ದಿನ ನೀನು ಅಂಗಡಿಗೆ ಹೋಗಿರಲೇ ಇಲ್ಲ ಎಂದರೆ ಸರಿಯಲ್ಲವೇ?’ ಎಂದು ಎಂಟು ವರ್ಷದ ಮಗುವನ್ನು ಕೇಳಿ ನೋಡಿ. ಮಗು ‘ಹೂಂ’ ಎನ್ನುತ್ತದೆ. ಹೋಗಿದ್ದೆ ಎಂದು ಹೂಂಗುಟ್ಟಿತೇ, ಹೋಗಿರಲಿಲ್ಲ ಎಂದೇ, ಇಲ್ಲ ನೀವು ಹೇಳಿದ್ದು ಸರಿಯಲ್ಲ ಎಂದೇ? ಕನ್ನಡದಲ್ಲಿ ಇಲ್ಲ ಎಂಬ ಪ್ರಶ್ನೆಗೆ ‘ಹೌದು’ ಎಂದರೆ ‘ಹೌದು, ಇಲ್ಲ’ ಎಂದೂ ಆಗುತ್ತದೆ. ‘ಹೋಗಿರಲಿಲ್ಲ ಎಂದರೆ ಸರಿ’ ಎಂದು ಟೈಪಾಗಿ, ಆ ಒಂದು ಸಾಲಿನ ಮೇಲೆ ಸಂಶಯದ ಲಾಭ ಆರೋಪಿಗೆ ಹೋಗುತ್ತದೆ. ‘ಆ ದಿನ ಅಂಗಡಿಗೆ ಹೋಗಿದ್ದೆಯಾ?’ ಎಂದು ಕೇಳಿದ್ದರೆ ಉತ್ತರ ಯಾವುದೇ ಇರಲಿ, ಅದು ಮಗುವಿನ ಉತ್ತರವಾಗಿರುತ್ತಿತ್ತು. ಒಂದು ಪ್ರಶ್ನೆಗೆ ಒಂದೇ ಸಂಗತಿ, ‘ಇಲ್ಲ’ ಪದ ಎರಡು ಸಲ ಬೇಡ, ‘ಸದರಿ’, ‘ಮೇಲ್ಕಂಡ’ ಬೇಡವೇ ಬೇಡ. ಸಣ್ಣ ಮಕ್ಕಳಿಗೆ ಕಳೆದುಹೋದ ದಿನವೆಲ್ಲ ‘ನಿನ್ನೆ’. ಪದೇ ಪದೇ ಆದದ್ದನ್ನು ಎಣಿಸಿ ಹೇಳಲು ಅವರಿಗೆ ಬರುವುದಿಲ್ಲ. ಪೊಲೀಸರ ಮುಂದೆ ಮೂರು ಸಲ ಎಂದ ಮಗು ಕೋರ್ಟಿನಲ್ಲಿ ಹತ್ತು ಸಲ ಎಂದರೆ ಅದು ಸುಳ್ಳಿನ ಗುರುತಲ್ಲ, ವಯಸ್ಸಿನ ಗುರುತು. ಪರೀಕ್ಷೆಗೂ ಊರ ಜಾತ್ರೆಗೂ ಹೊಂದಿಸಿ ಕೇಳಿದರೆ ಕಾಲ ತಾನಾಗಿ ಗೊತ್ತಾಗುತ್ತದೆ.

ಮಗುವಿನ ಪದಗಳದ್ದೂ ಇದೇ ಕಥೆ. ಮಗು ತನ್ನ ಮನೆಯ ಮಾತಿನಲ್ಲಿ ಮೈಯ ಭಾಗಕ್ಕೆ ಒಂದು ಹೆಸರು ಹೇಳುತ್ತದೆ. ಬರೆದುಕೊಳ್ಳುವವರು ಅದನ್ನು ‘ಲೈಂಗಿಕ ದೌರ್ಜನ್ಯ ಎಸಗಿದ’ ಎಂದು ತಿದ್ದುತ್ತಾರೆ. ವಿಚಾರಣೆಯಲ್ಲಿ ‘ದೌರ್ಜನ್ಯ ಅಂದರೇನು?’ ಎಂದು ಕೇಳಿದಾಗ ಮಗುವಿಗೆ ಉತ್ತರ ಗೊತ್ತಿರುವುದಿಲ್ಲ. ಹೇಳಿಕೆಯನ್ನು ಮಗು ಆಡಿದ ಹಾಗೆಯೇ ದಾಖಲಿಸಬೇಕೆಂದು ಕಾಯ್ದೆ ಹೇಳುವುದು ಸುಮ್ಮನೆ ಅಲ್ಲ. ಲಂಬಾಣಿ, ತುಳು, ಕೊಂಕಣಿ, ಉರ್ದು ಮಾತಾಡುವ ಮಗುವಿಗೆ 38ನೇ ಕಲಂನಡಿ ಅನುವಾದಕರನ್ನು ಕೇಳಬೇಕು. ಆ ಅರ್ಜಿ ಸಾಕ್ಷ್ಯದ ದಿನಾಂಕಕ್ಕೆ ಮುಂಚೆಯೇ ಹೋಗಬೇಕು. ಅಂದು ಬೆಳಿಗ್ಗೆ ಹೊರಗೆ ಕೂತಿದ್ದ ದೊಡ್ಡಪ್ಪನನ್ನು ಕರೆದು ಅನುವಾದಕ್ಕೆ ನಿಲ್ಲಿಸುವುದು ಮಗುವಿನ ಬಾಯಿಗೆ ಬೀಗ ಹಾಕಿದ ಹಾಗೆ.

ಆರೋಪಿಯ ವಕೀಲರು ಕೈಕಟ್ಟಿ ಕೂರಬೇಕೆಂದು ನಾವು ಹೇಳುತ್ತಿಲ್ಲ. ಅಪರಾಧಿಯೋ ಅಲ್ಲವೋ ಎಂಬ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ಆರೋಪಿಯನ್ನು ಸಮರ್ಥಿಸುವುದು ವಕೀಲರ ಕರ್ತವ್ಯ, ಸುಳ್ಳು ಆರೋಪಗಳೂ ಇರುತ್ತವೆ. ಹಿಂದಿನ ಹೇಳಿಕೆಗೂ ಇಂದಿನದಕ್ಕೂ ಇರುವ ವ್ಯತ್ಯಾಸ, ವೈದ್ಯಕೀಯ ವರದಿ, ಆರೋಪಿ ಅಂದು ಎಲ್ಲಿದ್ದ, ದೂರಿಗೆ ಬೇರೆ ಕಾರಣವಿತ್ತೇ ಎಂಬುದನ್ನೆಲ್ಲ ಸರಳ ಪ್ರಶ್ನೆಗಳಲ್ಲೇ ಪರೀಕ್ಷಿಸಬಹುದು, ಎಷ್ಟೋ ಅಂಶಗಳನ್ನು ಮಗುವಿಗಿಂತ ತನಿಖಾಧಿಕಾರಿಯನ್ನು ಕೇಳುವುದೇ ಪರಿಣಾಮಕಾರಿ. ಹುಡುಗಿ ಹಾಕಿದ್ದ ಬಟ್ಟೆ, ಫೋನು, ಹಳೆಯ ಪ್ರೇಮಪತ್ರಗಳಿಂದ ಸಮರ್ಥನೆ ಕಟ್ಟುವವರಿಗೆ ಬೇರೆ ವಾದವಿಲ್ಲ ಎಂದೇ ಅರ್ಥ.

ಮಗು ಸಾಕ್ಷ್ಯಕ್ಕೆ ಬಂದ ದಿನ ವಾಯಿದೆ ಕೇಳುವುದನ್ನು ನಾವು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ಎನ್ನುತ್ತೇವೆ. ಪ್ರಕರಣ ಪರಿಗಣನೆಗೆ ಬಂದ 30 ದಿನಗಳಲ್ಲಿ ಮಗುವಿನ ಸಾಕ್ಷ್ಯ ಆಗಬೇಕೆಂದು ಪೋಕ್ಸೊ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಹಿಂದಿನ ರಾತ್ರಿ ನಿದ್ದೆಗೆಟ್ಟು, ಶಾಲೆ ತಪ್ಪಿಸಿಕೊಂಡು, ತಾಯಿಯ ಕೂಲಿ ಬಿಡಿಸಿ ಬಸ್ಸು ಹತ್ತಿ ಬಂದ ಮಗು, ಆರೋಪಿಯ ಕಡೆಯವರು ಓಡಾಡುವ ಅದೇ ಪಡಸಾಲೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿರುತ್ತದೆ. ಆಮೇಲೆ ‘ಸೀನಿಯರ್ ಹೈಕೋರ್ಟಿಗೆ ಹೋಗಿದ್ದಾರೆ’ ಎನ್ನುತ್ತಾರೆ. ಸಾಕ್ಷಿ ಹಾಜರಿದ್ದಾಗ ವಿಶೇಷ ಕಾರಣವಿಲ್ಲದೆ ಮುಂದೂಡಬಾರದೆಂದು ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 346ನೇ ಕಲಂ ಹೇಳುತ್ತದೆ. ಕಲಾಪ ಬಹಿಷ್ಕಾರದ ದಿನವೂ ಮಗುವಿನ ಪ್ರಕರಣಕ್ಕೆ ವಿನಾಯಿತಿ ಇರಬೇಕು. ವಕೀಲರಿಗೆ ಮುಷ್ಕರದ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿಯಾಗಿದೆ.

ಸಾಕ್ಷ್ಯಕ್ಕೆ ಮಗುವನ್ನು ಸಿದ್ಧಗೊಳಿಸುವುದಕ್ಕೂ ಉತ್ತರ ಬಾಯಿಪಾಠ ಮಾಡಿಸುವುದಕ್ಕೂ ನಡುವಿನ ಗೆರೆ ತೆಳು, ಆದರೆ ಕಾಣದಷ್ಟು ತೆಳುವೇನಲ್ಲ. ವಿಧಾನವನ್ನು ಹೇಳಿಕೊಡಬಹುದು, ವಿಷಯವನ್ನಲ್ಲ. ಸಾಧ್ಯವಾದರೆ ಹಿಂದಿನ ದಿನ ಖಾಲಿ ಕೋರ್ಟ್ ಹಾಲ್ ತೋರಿಸಿ: ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ನೀನೆಲ್ಲಿ, ಪರದೆ ಎಲ್ಲಿ, ಅಮ್ಮ ಎಲ್ಲಿ. ಪ್ರತಿ ಜಿಲ್ಲೆಯಲ್ಲೂ ದುರ್ಬಲ ಸಾಕ್ಷಿಗಳ (ಮಕ್ಕಳಂಥ, ಸುಲಭವಾಗಿ ಬೆದರುವ ಸಾಕ್ಷಿಗಳ) ಹೇಳಿಕೆ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ, ಅದು ಇರುವಲ್ಲಿ ಅಲ್ಲಿಗೇ ಕರೆದೊಯ್ಯಿರಿ. ‘ಅರ್ಥವಾಗಲಿಲ್ಲ’, ‘ಗೊತ್ತಿಲ್ಲ’, ‘ನೆನಪಿಲ್ಲ’, ‘ಬಾತ್‌ರೂಮಿಗೆ ಹೋಗಬೇಕು’ ಎಂದು ಧೈರ್ಯವಾಗಿ ಹೇಳಬಹುದೆಂದು ತಿಳಿಸಿ. ಘಟನೆಯನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಸಬೇಡಿ. ಪೊಲೀಸರ ಮುಂದೆ, ವೈದ್ಯರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದು ಈಗಾಗಲೇ ಹೇಳಿರುತ್ತದೆ. ಕಡತ ಓದಿದರೆ ಸಾಕು. ಪ್ರಕರಣದುದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ನೇಮಿಸುವ ಬೆಂಬಲ ವ್ಯಕ್ತಿಯನ್ನು ಪಕ್ಕಕ್ಕೆ ಸರಿಸದೆ ಅವರೊಂದಿಗೇ ಕೆಲಸ ಮಾಡಿ.

ಮಗುವಿನೊಂದಿಗೆ ಒಮ್ಮೆಯಾದರೂ ಪಾಲಕರಿಲ್ಲದೆ, ಆದರೆ ಬಾಗಿಲು ತೆರೆದಿಟ್ಟು ಅಥವಾ ಬೆಂಬಲ ವ್ಯಕ್ತಿ ಕಣ್ಣಳತೆಯಲ್ಲಿದ್ದು ಮಾತಾಡಬೇಕು. ಆಗ ‘ಯಾರಿಗೂ ಹೇಳಲ್ಲ’ ಎಂಬ ಭಾಷೆ ಮಾತ್ರ ಕೊಡಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 132ನೇ ಕಲಂ ಕಕ್ಷಿದಾರನ ಮಾತಿಗೆ ಗೋಪ್ಯತೆ ಕೊಡುತ್ತದೆ. ಪೋಕ್ಸೊ 19ನೇ ಕಲಂ ‘ಯಾವುದೇ ವ್ಯಕ್ತಿ’ ವರದಿ ಮಾಡಬೇಕೆನ್ನುತ್ತದೆ, ವಕೀಲರನ್ನು ಹೆಸರಿಟ್ಟು ಹೊರಗಿಟ್ಟಿಲ್ಲ. ಇವೆರಡರ ನಡುವಿನ ತಿಕ್ಕಾಟ ಕಾಗದದ ಮೇಲೆ ದೊಡ್ಡದು, ಮಗುವಿನ ಮುಂದೆ ಅಷ್ಟು ದೊಡ್ಡದಲ್ಲ. ‘ನಿನಗೆ ಯಾರಾದರೂ ನೋವು ಮಾಡುತ್ತಿದ್ದಾರೆಂದು ಗೊತ್ತಾದರೆ, ಅದನ್ನು ನಿಲ್ಲಿಸುವವರಿಗೆ ನಾವಿಬ್ಬರೂ ಸೇರಿ ಹೇಳಬೇಕಾಗುತ್ತದೆ’ ಎಂದು ಮಾತು ಶುರುವಾಗುವ ಮೊದಲೇ ತಿಳಿಸಿದರೆ ಮಗುವಿಗೆ ಮೋಸವಾಗುವುದಿಲ್ಲ. ವಿಚ್ಛೇದನದ ಜಗಳದಲ್ಲಿ ಒಬ್ಬರು ಇನ್ನೊಬ್ಬರ ಮೇಲೆ ಪೋಕ್ಸೊ ದೂರು ಬರೆಸಲು ಬಂದಾಗಲೂ ಹಾಗೆಯೇ: ಮಗುವನ್ನು ನೋಡದೆ ದೂರು ಬರೆಯಬಾರದು, ನೋಡಿದಾಗ ಉತ್ತರ ತುಂಬಿಸಬಾರದು. ಕೆಡುಕು ಮಾಡುವ ಉದ್ದೇಶದ ಸುಳ್ಳು ದೂರಿಗೆ ಪೋಕ್ಸೊ 22ನೇ ಕಲಂನಲ್ಲಿ ಶಿಕ್ಷೆಯಿದೆ, ಮಗುವಿಗೆ ಮಾತ್ರ ಇಲ್ಲ.

ಗುರುತಿನ ವಿಷಯ ನಿಮ್ಮ ಪತ್ರಿಕೆಗೂ ತಟ್ಟುತ್ತದೆ. ಹೆಸರು ಬಿಟ್ಟು ಊರು, ಶಾಲೆ, ತರಗತಿ, ತಂದೆಯ ಉದ್ಯೋಗ ಹೇಳಿದರೆ ಆ ಊರಿನಲ್ಲಿ ಯಾರಿಗೂ ಹೆಸರು ಬೇಕಿಲ್ಲ. ಟಿವಿ ಮೈಕ್ ಮುಂದೆ ಈ ವಿವರ ಕೊಡುವವರು ಹಲವು ಸಲ ವಕೀಲರೇ. ದೋಷಾರೋಪ ಪಟ್ಟಿಯ ಪಿಡಿಎಫ್ ವಕೀಲರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಮಾದರಿಗಾಗಿ’ ಹರಿದಾಡುವುದು, ಜೆರಾಕ್ಸ್ ಅಂಗಡಿಯ ಮೇಜಿನ ಮೇಲೆ ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ ಬಿದ್ದಿರುವುದು, ಜಾಮೀನು ಅರ್ಜಿಯಲ್ಲಿ ಮಗುವಿನ ಪೂರ್ಣ ಹೆಸರು ಟೈಪಾಗಿರುವುದು ಇವೆಲ್ಲ ಗುರುತು ಬಯಲು ಮಾಡುವ ಕೆಲಸಗಳೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಉಲ್ಲಂಘಿಸಿ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಜಿಯಲ್ಲಿ ‘ಸಂತ್ರಸ್ತ ಮಗು’ ಎಂದು ಬರೆದು, ಹೆಸರನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಲು ಹೆಚ್ಚು ಶ್ರಮವೇನಿಲ್ಲ.

ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳು ಮಕ್ಕಳ ಪ್ರಕರಣಗಳನ್ನು ಪಾಳಿಯ ಪ್ರಕಾರ ಯಾರಿಗೋ ಹಂಚದೆ, ತರಬೇತಿ ಪಡೆದವರ ಪ್ರತ್ಯೇಕ ಪಟ್ಟಿಯಿಂದಲೇ ವಕೀಲರನ್ನು ಕೊಡಲಿ. ಮಕ್ಕಳ ಮನಸ್ಸು ಮತ್ತು ಕಾನೂನು ಎರಡನ್ನೂ ಸೇರಿಸಿ ಕಲಿಸುವ ‘ಸಂವಾದ್’ ಕಾರ್ಯಕ್ರಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಮಗು ಬರುವ ದಿನ ವಾಯಿದೆಯೂ ಇಲ್ಲ, ಬಹಿಷ್ಕಾರವೂ ಇಲ್ಲ ಎಂದು ಪ್ರತಿ ತಾಲ್ಲೂಕಿನ ವಕೀಲರ ಸಂಘ ಒಂದು ಠರಾವು ಮಾಡಲಿ. ರಾಜ್ಯ ವಕೀಲರ ಪರಿಷತ್ತಿಗೆ ಒಂದು ವಿನಂತಿ: ತನ್ನ ವಕೀಲರು ತನಗೇ ಮೋಸ ಮಾಡಿದರೆಂದು ಮಗು ಅರ್ಜಿ ಹಿಡಿದು ಬೆಂಗಳೂರಿಗೆ ಬರಲಾರದು, ಮಣಿದುಹೋದ ಪಾಲಕರೂ ಬರುವುದಿಲ್ಲ. ವಕೀಲರ ಕಾಯ್ದೆ 1961ರ 35ನೇ ಕಲಂ ದೂರು ಬಂದಾಗ ಮಾತ್ರವಲ್ಲ, ಬೇರೆ ರೀತಿಯಲ್ಲಿ ತಿಳಿದುಬಂದಾಗಲೂ ಕ್ರಮಕ್ಕೆ ಅವಕಾಶ ಕೊಡುತ್ತದೆ. ಮಕ್ಕಳ ಕಲ್ಯಾಣ ಸಮಿತಿ, ಬಾಲನ್ಯಾಯ ಮಂಡಳಿ ಅಥವಾ ಬೆಂಬಲ ವ್ಯಕ್ತಿ ಬರೆದ ಪತ್ರವನ್ನೂ ಶಿಸ್ತು ಸಮಿತಿಯ ಮುಂದಿಡುವುದಾಗಿ ಪರಿಷತ್ತು ಒಂದು ಸುತ್ತೋಲೆ ಹೊರಡಿಸಲಿ, ಅದರ ಪ್ರತಿ ಪ್ರತಿ ಜಿಲ್ಲೆಯ ಸಮಿತಿಗೂ ತಲುಪಲಿ.

— ಮಕ್ಕಳ ಪ್ರಕರಣಗಳನ್ನು ನಡೆಸುವ ಕೆಲವು ವಕೀಲರು, ಧಾರವಾಡ